ಹೈದರಾಬಾದಿಗೊಂದು ವೇಳಾಪಟ್ಟಿ

ಮೊನ್ನೆ ಮಗಳ ಹಳೆಯ ಬ್ಯಾಗನ್ನು ಒಗೆಯಲು ತೆಗೆದಾಗ ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು. ಬಿಚ್ಚಿ ನೋಡಿದರೆ ನನ್ನದೇ ಅಕ್ಷರ. ಕಚೇರಿಯ ಉದ್ದನೆಯ ಹಾಳೆ. ಸ್ಕೇಲು ಹಿಡಿದು ಗೆರೆ ಎಳೆದು ಎಡಕ್ಕೆ ‘ವೇಳೆ’, ನಡುವೆ ‘ಸ್ಥಳ’, ಬಲಕ್ಕೆ ‘ಷರಾ’ ಎಂದು ಮನೆ ಮಾಡಿದ್ದೇನೆ. ಚಾರ್ಮಿನಾರಿನ ಎದುರಿನ ಷರಾ ಹೀಗಿದೆ: ‘ಅವ್ವ ಮೆಟ್ಟಿಲು ಹತ್ತಬಾರದು. ಅಪ್ಪ ಹತ್ತಬಹುದು, ಹತ್ತದಿದ್ದರೆ ಒಳ್ಳೆಯದು. ಅನು ಹತ್ತಿದರೆ ಬೇಗ ಇಳಿಯಬೇಕು.’ ಓದಿ ನಗು ಬಂತು. ನಗುವಿನ ಬೆನ್ನಿಗೇ ಸುಸ್ತು ಬಂತು. ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ.

ನಿಮ್ಮ ಮನೆಯಲ್ಲೂ ನನ್ನಂಥವರೊಬ್ಬರು ಇರಬಹುದು. ಊರಿಗೆ ಎಲ್ಲರೂ ಹೋಗುತ್ತಾರೆ, ಆದರೆ ಹೊರಡುವ ಮೊದಲೇ ದಣಿಯುವವರು ಒಬ್ಬರೇ. ಯಾರ ಮಾತ್ರೆ ಯಾವ ಡಬ್ಬಿಯಲ್ಲಿದೆ, ಯಾರಿಗೆ ಕಿಟಕಿ ಪಕ್ಕ ಕೂತರೆ ವಾಂತಿ ಬರುತ್ತದೆ, ಯಾರಿಗೆ ಕೂರದಿದ್ದರೆ ಬರುತ್ತದೆ, ಎಲ್ಲವೂ ಆ ಒಬ್ಬರ ತಲೆಯಲ್ಲಿ. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಹದಿನೆಂಟು ವರ್ಷಗಳಿಂದ ಪರರ ಅರ್ಜಿಗಳನ್ನು ಜೋಡಿಸಿ, ನಂಬರು ಹಾಕಿ, ದಾರ ಕಟ್ಟಿ ಇಡುತ್ತಾ ಬಂದಿದ್ದೇನೆ. ಆ ಚಟ ಕೊಪ್ಪಳದ ಭಾಗ್ಯನಗರದ ನಮ್ಮ ಎರಡು ಕೋಣೆಯ ಮನೆಗೂ ಬಂದಿದೆ. ಫ್ರಿಜ್ಜಿನ ಮೇಲೊಂದು ಚೀಟಿ, ಬಚ್ಚಲ ಬಾಗಿಲಿಗೊಂದು ಚೀಟಿ. ನಮ್ಮ ಮನೆಯವರು ಲೈನ್‌ಮನ್. “ನಾ ಕಂಬ ಹತ್ತಿದ್ರೂ ತುದ್ಯಾಗ ನಿಂದೊಂದು ಚೀಟಿ ಇರತೈತಿ ನೋಡು” ಎಂದು ಅವರು ನಗುತ್ತಾರೆ.

ಆದರೆ ಈ ಚಟ ಹಚ್ಚಿದ್ದು ಕಚೇರಿಯಲ್ಲ, ನಮ್ಮವ್ವ. ನನ್ನ ತವರು ನವಲಿ. ಭತ್ತದ ಸೀಮೆ. ನಾಟಿಯ ಹಂಗಾಮು ಬಂತೆಂದರೆ ಅವ್ವ ನಸುಕಿನಲ್ಲೇ ಎದ್ದು ಗುಂಪಿನ ಹೆಂಗಸರ ಜೊತೆ ಕ್ಯಾಂಪಿನ ಗದ್ದೆಗೆ ಹೋಗುತ್ತಿದ್ದಳು. ಕ್ಯಾಂಪ್ ಎಂದರೆ ಕಾಲುವೆ ಬಂದ ಕಾಲಕ್ಕೆ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರು. ಹೊರಡುವ ಮುಂಚೆ ಒಂಬತ್ತು ವರ್ಷದ ನನ್ನನ್ನು ಎಬ್ಬಿಸಿ, ಒಂದೊಂದೇ ಬೆರಳು ಮಡಚುತ್ತಾ ಹೇಳುತ್ತಿದ್ದಳು: “ಎಮ್ಮಿಗೆ ನೀರು, ಒಂದು. ತಮ್ಮಗ ಮಾರಿ ತೊಳದು ಸಾಲಿಗೆ ಕಳಸೂದು, ಎರಡು. ರೊಟ್ಟಿ ಬುಟ್ಟಿ ಬೆಕ್ಕು ಮುಟ್ಟಬಾರದು, ಮೂರು. ಮಧ್ಯಾಹ್ನಕ್ಕ ಬುತ್ತಿ ತರೂದು, ನಾಕು.” ಐದನೆಯ ಬೆರಳಿಗೆ ಕೆಲಸವಿರುತ್ತಿರಲಿಲ್ಲ. ಅದನ್ನು ನನ್ನ ಗಲ್ಲಕ್ಕೆ ಮುಟ್ಟಿಸಿ ಹೋಗಿಬಿಡುತ್ತಿದ್ದಳು. ಮಧ್ಯಾಹ್ನ ಬುತ್ತಿ ಗಂಟು ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಜಾರುತ್ತಾ ಹೋದರೆ, ಕೆಸರಿನಲ್ಲಿ ಇಪ್ಪತ್ತು ಬೆನ್ನುಗಳು ಸಾಲಾಗಿ ಬಾಗಿರುತ್ತಿದ್ದವು. ಮುಖ ಒಂದೂ ಕಾಣುತ್ತಿರಲಿಲ್ಲ. ಆದರೂ ದೂರದಿಂದಲೇ ನಮ್ಮವ್ವನ ಬೆನ್ನು ಯಾವುದೆಂದು ನನಗೆ ತಿಳಿಯುತ್ತಿತ್ತು.

ಇರಲಿ, ಹೈದರಾಬಾದಿಗೆ ಬರೋಣ.

ಮಗಳು ಅನುಷಾಗೆ ಹದಿನೈದು ವರ್ಷ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ದಿನ ಮನೆಗೆ ಬಂದವಳೇ ಬ್ಯಾಗು ಎಸೆದು, “ಮಮ್ಮಿ, ನೀ ಮಾತು ಕೊಟ್ಟೀದಿ” ಎಂದಳು. ಕೊಟ್ಟಿದ್ದೆ. ಓದಲಿ ಎಂಬ ಆಸೆಗೆ, ಪರೀಕ್ಷೆ ಮುಗಿದ ಮೇಲೆ ಹೈದರಾಬಾದ್ ತೋರಿಸುತ್ತೇನೆ ಎಂದಿದ್ದೆ. ಅಲ್ಲಿನ ತಾರಾಲಯದಲ್ಲಿ ತಲೆಯೆತ್ತಿ ಕೂತು ಗ್ರಹ ನಕ್ಷತ್ರ ನೋಡಬೇಕೆಂದು ಅವಳಿಗೆ ಎಂಟನೆಯ ತರಗತಿಯಿಂದ ಹುಚ್ಚು. ಆದರೆ ನಮ್ಮ ಕಚೇರಿಯಲ್ಲಿ ಆ ತಿಂಗಳು ಯಾವುದೋ ಸಮೀಕ್ಷೆಯ ಕೆಲಸ ಬಂದು ಎಲ್ಲರ ರಜೆ ನಿಂತಿತ್ತು. ಬೇಸಿಗೆಯಲ್ಲಿ ಲೈನ್‌ಮನ್ನರಿಗೆ ರಜೆ ಎಂಬ ಪದವೇ ಇಲ್ಲ. “ಮುಂದಿನ ವರ್ಷ ಹೋಗೂಣು” ಎಂದೆ. ಮಗಳು ಅಳಲಿಲ್ಲ, ಜಗಳವಾಡಲಿಲ್ಲ. “ನಾ ಅಜ್ಜ, ಆಯಿ ಜೋಡಿ ಹೋಗ್ತೀನಿ” ಎಂದಳು.

ನಾನು ನಕ್ಕೆ. ಅಪ್ಪ ಅವ್ವ ಕಂಡ ದೊಡ್ಡ ಊರೆಂದರೆ ಹುಬ್ಬಳ್ಳಿ, ಅದೂ ಅಪ್ಪನ ಕಣ್ಣಿನ ಆಪರೇಷನ್ನಿಗೆ. ಆದರೆ ಅನು ಅಷ್ಟರಲ್ಲಿ ಅಜ್ಜನಿಗೆ ಫೋನು ಹಚ್ಚಿಯೇ ಬಿಟ್ಟಿದ್ದಳು. ಅಪ್ಪ ಒಂದು ನಿಮಿಷವೂ ಯೋಚಿಸಲಿಲ್ಲ. “ನಮ್ಮಪ್ಪ ನಿಜಾಮನ ಕಾಲದಾಗ ಅರ್ಜಿ ಕೊಡಾಕ ಹೋಗಿದ್ನವಾ. ಚಾರ್ಮಿನಾರ್ ಹೊರಗಿಂದ ನೋಡಿ ಬಂದಿದ್ದ. ನಾ ಒಳಗ ಹೊಕ್ಕು ನೋಡ್ತೀನಿ” ಎಂದ. ಅವ್ವನನ್ನು ಕೇಳಿದರೆ, “ನಂದೇನೈತಿ, ನೀವು ಎಲ್ಲಿ ಬಾ ಅಂದ್ರ ಅಲ್ಲಿ ಬರ್ತೀನಿ” ಎಂದಳು. ಹೀಗೆ ಹೇಳಿದವರ ಬಗ್ಗೆ ನಾವು ಬಹಳ ಸಮಾಧಾನ ಪಡುತ್ತೇವೆ, ಅಲ್ಲವೇ? ಒಂದು ತಲೆನೋವು ಕಡಿಮೆಯಾಯಿತು ಎಂದುಕೊಳ್ಳುತ್ತೇವೆ.

ಹದಿನೈದು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಇಬ್ಬರು, ಗೊತ್ತಿಲ್ಲದ ಊರು, ಏಪ್ರಿಲ್ ಬಿಸಿಲು. ಮೂರು ವಾರ ನಾನು ಇದನ್ನೇ ಹೊತ್ತು ತಿರುಗಿದೆ. ಅಡುಗೆ ಮಾಡುತ್ತಾ ಫೋನಿನಲ್ಲಿ ವಿಡಿಯೋ ನೋಡಿದೆ. ಯಾರೋ ಹುಡುಗರು ಓಡುತ್ತಾ ಕೋಟೆ ಹತ್ತುವ ವಿಡಿಯೋ ಅವು. ಅದರಲ್ಲಿ ಮಂಡಿನೋವಿನವರು ಎಲ್ಲಿ ಕೂರಬಹುದೆಂದು ಯಾರೂ ಹೇಳುವುದಿಲ್ಲ. ಕಚೇರಿಯಲ್ಲಿ ಹೈದರಾಬಾದ್ ಕಂಡಿದ್ದವರು ಒಬ್ಬರೇ, ನಮ್ಮ ಶಿರಸ್ತೇದಾರರು. ಅವರು ಕೊಟ್ಟ ಸಲಹೆಯೂ ಒಂದೇ: “ಮೇಡಮ್ಮರ, ಗುಡಿ ಗುಂಡಾರ ಆಮ್ಯಾಲೆ. ಮೊದಲ ಸಂಡಾಸ ಎಲ್ಲೆಲ್ಲಿ ಐತಿ ಬರಕೋರಿ.” ಬರೆದುಕೊಂಡೆ. ಹಾಳೆಯಲ್ಲಿ ಈಗಲೂ ಇದೆ.

ಅನುವಿನ ಬೇಡಿಕೆಗಳು ಒಂದು ಕಡೆ: ತಾರಾಲಯ, ಮ್ಯೂಸಿಯಂ, ಕೋಟೆ, ಮೆಟ್ರೋ, ಬಳೆ ಬಜಾರು. ಅಪ್ಪನದು ಒಂದೇ. ಅವ್ವನ ಸಾಲು ಖಾಲಿ ಕಂಡಿತು. ಖಾಲಿ ಬಿಡುವುದು ನನ್ನ ಕೈಗೆ ಒಗ್ಗದು. ಗುಡ್ಡದ ಮೇಲೊಂದು ಬಿಳಿ ಕಲ್ಲಿನ ಗುಡಿ ಇದೆಯೆಂದು ಗೊತ್ತಾಗಿ, ವಯಸ್ಸಾದ ಹೆಂಗಸಿಗೆ ಗುಡಿಯೇ ಸರಿ ಎಂದು ನಾನೇ ತುಂಬಿಸಿದೆ. ಯಾವ ದಿನ ಯಾವ ಸೀರೆ ಎಂಬುದನ್ನೂ ಬರೆದೆ. ಮೊದಲ ದಿನದ ತಿರುಗಾಟಕ್ಕೆ ಕೆಂಪು ದಡಿಯ ಹಸಿರು ಸೀರೆ, ಯುಗಾದಿಗೆ ನಾನೇ ಕೊಡಿಸಿದ್ದು. ಕಡೆಗೆ ನನ್ನ ನಂಬರು, ವಸತಿಗೃಹದ ಹೆಸರು ಬರೆದ ಚೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ದಾರ ಕಟ್ಟಿದೆ. ಅವ್ವನ ಕೊರಳಿಗೆ ಹಾಕಲೆಂದು ಮಾಡಿದ್ದು.

ಹೊರಡುವ ದಿನ ಅನುವನ್ನು ಕರೆದುಕೊಂಡು ಕೊಪ್ಪಳದಿಂದ ಮೊದಲ ಬಸ್ಸಿಗೆ ಗಂಗಾವತಿಗೆ ಹೋದೆ. ಹಿಟ್ನಾಳ ದಾಟುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು. ಹಾಳೆಯನ್ನು ಇನ್ನೊಮ್ಮೆ ಓದಿಸಬೇಕೆಂದಿದ್ದ ನಾನು ಎಬ್ಬಿಸಲಾರದೆ ನಾನೇ ಓದಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಅವ್ವ ಒಂದು ತಾಸು ಮುಂಚೆಯೇ ಬಂದು ಕೂತಿದ್ದರು. ಅಪ್ಪ ಒಗೆದ ಧೋತರ ಉಟ್ಟು ಟೊಪ್ಪಿಗೆ ಇಟ್ಟಿದ್ದ. ಅವ್ವನ ಕೊರಳಿಗೆ ಚೀಟಿ ಹಾಕಲು ಹೋದರೆ ಆಕೆ ಕೈ ಅಡ್ಡ ಹಿಡಿದಳು.

“ಏ ಗಿರ್ಜಿ, ಇದೇನಬೇ, ದನಕ್ಕ ಕಟ್ಟಿದಂಗ.”

“ಕಳದು ಗಿಳದು ಹೋದ್ರ ಬೇಕಲ್ಲ ಯವ್ವಾ.”

“ನಾ ಎಲ್ಲಿ ಕಳೀತೀನಿ? ನಿನ್ನ ಮಗಳ ಬಾಲ ಹಿಡಕೊಂಡಿರ್ತೀನಿ.”

ಬಸ್ಸು ಹೊರಡುವ ಹೊತ್ತಾಗಿತ್ತು. ಚೀಟಿಯನ್ನು ಅನುವಿನ ಬ್ಯಾಗಿಗೆ ಹಾಕಿ, “ನಿನ್ನ ಕಡೆ ಇದ್ರ ಕಳಿಯಂಗಿಲ್ಲ” ಎಂದೆ. ಅವ್ವ ಕಳೆದರೆ ಬೇಕಾಗುವ ಚೀಟಿ ಅವ್ವನ ಬಳಿ ಇದ್ದರೆ ಕಳೆದೀತೆಂದು ಮಗಳ ಬಳಿ ಇಟ್ಟೆ! ಹದಿನೆಂಟು ವರ್ಷ ಕಡತ ಕಟ್ಟಿದವಳ ಬುದ್ಧಿ ಇದು.

ಆ ದಿನ ಸಂಜೆಯ ಹೊತ್ತಿಗೆ ಮೂವರೂ ಹೈದರಾಬಾದ್ ಮುಟ್ಟಿದರು. ಉಂಡರು, ಮಲಗಿದರು. ಹಾಳೆಯಲ್ಲಿ ಬರೆದ ಹಾಗೆಯೇ. ಮರುದಿನ ಬೆಳಿಗ್ಗೆ ಮ್ಯೂಸಿಯಂ ಮುಗಿಯಿತೆಂದು ಅನು ಮೆಸೇಜು ಹಾಕಿದಾಗ ನಾನು ಒಂದು ಗುಟುಕು ಚಹಾ ಹೆಚ್ಚಿಗೆ ಕುಡಿದೆ. ನನ್ನ ಲೆಕ್ಕಕ್ಕಿಂತ ಅವರು ಹತ್ತೇ ನಿಮಿಷ ತಡವಾಗಿದ್ದರು. ‘ಲಗೂ ಲಗೂ ಹೋಗ್ರಿ’ ಎಂದು ಉತ್ತರ ಹಾಕಿದೆ.

ಫೋನು ಬಂದದ್ದು ಒಂದು ಗಂಟೆಗೆ. ಕಿಟಕಿಯಾಚೆ ಆದಾಯ ಪ್ರಮಾಣಪತ್ರಕ್ಕೆ ಬಂದವರ ಸಾಲು ನಿಂತಿತ್ತು.

“ಮಮ್ಮೀ... ಆಯಿ ಕಾಣವಲ್ಲಳು.”

“ಕಾಣವಲ್ಲಳು ಅಂದ್ರ?”

“ಬಳಿ ಬಜಾರದಾಗ ಹಿಂದ ಬರಾಕತ್ತಿದ್ಲು. ತಿರುಗಿ ನೋಡಿದ್ರ ಇಲ್ಲ. ಅರ್ಧ ತಾಸಾತು ಮಮ್ಮಿ, ಹುಡುಕಾಕತ್ತೀವಿ.”

ಎದ್ದು ನಿಂತೆ. ಎದ್ದು ಎಲ್ಲಿಗೆ ಹೋಗಬೇಕು ಎಂದು ತಿಳಿಯದೆ ಮತ್ತೆ ಕೂತೆ. ಕಿಟಕಿಯಾಚೆಯ ಮುದುಕನೊಬ್ಬ, “ಯಾಕ್ರಿ ಯವ್ವಾ, ಕರೆಂಟ್ ಹೋತೇನ್ರಿ?” ಎಂದು ಕೇಳಿದ. ನನ್ನ ಮುಖ ಹಾಗಾಗಿತ್ತೋ ಏನೋ.

ಅನು ಬುದ್ಧಿವಂತೆ. ಅಷ್ಟರಲ್ಲೇ ಪೊಲೀಸರೊಬ್ಬರ ಹತ್ತಿರ ಹೋಗಿ ಹೇಳಿದ್ದಳು. ಅವರು ಸಾವಧಾನದಿಂದ ಕೇಳಿದ್ದರು: ಎತ್ತರ ಎಷ್ಟು, ಯಾವ ಸೀರೆ? ಇವಳಿಗೆ ನೆನಪಾಗಲಿಲ್ಲ. ಅಪ್ಪನಿಗೂ ಆಗಲಿಲ್ಲ. ಮದುವೆಯಾಗಿ ಐವತ್ತು ವರ್ಷವಾದರೂ ಅಪ್ಪ ಅವ್ವನ ಸೀರೆಯ ಬಣ್ಣ ನೋಡಿದವನಲ್ಲ.

“ಫೋಟೋ ತಗದಿದ್ದೆಲ್ಲ, ನೋಡು” ಎಂದೆ.

“ನೋಡಿದೆ ಮಮ್ಮಿ. ಎಲ್ಲಾದ್ರಾಗೂ ನಾನಽ ಅದೀನಿ.” ಆಮೇಲೆ ಸಣ್ಣ ದನಿಯಲ್ಲಿ, “ಒಂದ್ರಾಗ ಆಯಿ ಮೊಣಕೈ ಬಂದೈತಿ” ಎಂದಳು.

ನನಗೆ ಧೈರ್ಯ ಬಂತು. ಇದು ನನಗೆ ಗೊತ್ತಿದ್ದ ವಿಷಯ. “ಹಸಿರು ಸೀರಿ, ಕೆಂಪು ದಡಿ. ಬರಕೋರಿ ಅನ್ನು” ಎಂದೆ, ಹಾಳೆ ಎದುರಿಗಿದ್ದವರ ಹಾಗೆ.

ಮುಂದಿನ ಎರಡು ತಾಸು ಪೊಲೀಸರು, ಅಪ್ಪ, ಅನು ಎಲ್ಲರೂ ಚಾರ್ಮಿನಾರಿನ ಸುತ್ತಮುತ್ತ ಹಸಿರು ಸೀರೆಯ ಮುದುಕಿಯನ್ನು ಹುಡುಕಿದರು. ನಾನು ಶಿರಸ್ತೇದಾರರಿಗೆ ಹೇಳಿ ಕಚೇರಿಯ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆ. ಮನೆಯವರಿಗೆ ಫೋನು ಮಾಡಿದೆ. ಅವರು ಎಲ್ಲೋ ಕಂಬದ ಮೇಲಿದ್ದರು, ಎತ್ತಲಿಲ್ಲ. ಬಸ್ಸು ಹಿಡಿದು ಹೋದರೂ ಮುಟ್ಟುವುದು ನಾಳೆಯ ಮಾತು. ಅವ್ವನ ಬಳಿ ಫೋನಿಲ್ಲ, ಓದಲು ಬಾರದು. ನನ್ನ ನಂಬರು ಬಾಯಿಪಾಠವಿಲ್ಲ. ವಸತಿಗೃಹದ ಹೆಸರು ಹೇಳಿಕೊಟ್ಟಿರಲಿಲ್ಲ. ಬೆಳಗಿನ ಮಾತ್ರೆಗೆ ಅಲಾರಾಂ ಇಟ್ಟುಕೊಟ್ಟಿದ್ದೆ, ನೀರಿನ ಬಾಟಲಿಗೆ ಹೆಸರು ಬರೆದಿದ್ದೆ, ಸಂಡಾಸುಗಳ ಪಟ್ಟಿ ಕೊಟ್ಟಿದ್ದೆ. ಅವ್ವನ ಕೈಯಲ್ಲಿ ಮಾತ್ರ ಏನೂ ಕೊಟ್ಟಿರಲಿಲ್ಲ.

ಅನು ಅಳುತ್ತಾ ಮತ್ತೆ ಫೋನು ಮಾಡಿದಳು. “ಎಲ್ಲಾ ನನ್ನಿಂದ ಆತು” ಎಂದಳು. ಅಪ್ಪನಿಗೆ ಕೊಡು ಎಂದೆ. ಅಪ್ಪನ ದನಿಯಲ್ಲಿ ಗಾಬರಿ ಇರಲಿಲ್ಲ. ಆದರೆ ಏದುಸಿರಿತ್ತು.

“ಗಿರಿಜವ್ವಾ, ಅಳಬ್ಯಾಡ. ನಾ ಒಂದು ಮಾತು ಹೇಳ್ತೀನಿ ಕೇಳು. ಆಕಿ ಕಳದಿಲ್ಲ.”

“ಮತ್ತೆಲ್ಲಿ ಹೋಗ್ಯಾಳಪ್ಪಾ?”

“ಹೋಗಿಲ್ಲ. ಕುಂತಾಳ. ಮುಂಜಾನಿಂದ ಮಂಡಿ ಹಿಡಕೊಂಡು ನಡದಾಳ. ಕಳದಾವ್ರನ್ನ ಹುಡುಕಿದಂಗ ಹುಡುಕಿದ್ರ ಸಿಗಂಗಿಲ್ಲ. ಕುಂತಾವ್ರನ್ನ ಹುಡುಕಬೇಕು. ನೆಳ್ಳು ಎಲ್ಲೈತಿ, ನೀರು ಎಲ್ಲೈತಿ, ಹೆಣ್ಮಕ್ಕಳು ನಾಕು ಮಂದಿ ಎಲ್ಲಿ ಕುಂತಾರ, ಅಲ್ಲಿರ್ತಾಳ ಆಕಿ.”

ಫೋನು ಕಟ್ಟಾಯಿತು. ಆಮೇಲಿನದು ಅನು ಹೇಳಿದ್ದು. ಅಪ್ಪ ಒಬ್ಬ ಚಹಾದವನ ಬಳಿ ಹೋಗಿ, ಇಲ್ಲಿ ಹೆಂಗಸರು ಕೂತು ಕೆಲಸ ಮಾಡುವ ಜಾಗ ಎಲ್ಲಿದೆ ಎಂದು ತನಗೆ ಬರುವ ಹರಕು ತೆಲುಗಿನಲ್ಲಿ ಕೇಳಿದ. ಚಹಾದವನು ಮೂರು ಕಡೆ ತೋರಿಸಿದ. ಮೊದಲನೆಯದರಲ್ಲಿ ಹೂ ಕಟ್ಟುವವರಿದ್ದರು, ಅವ್ವ ಇರಲಿಲ್ಲ. ಎರಡನೆಯದು ಬಳೆ ಅಂಗಡಿಗಳ ಹಿಂದಿನ ಸಂದಿ. ತಗಡಿನ ನೆರಳು, ಪಕ್ಕದಲ್ಲಿ ನೀರಿನ ನಳ. ಹೋಟೆಲುಗಳಿಗೆ ಬೆಳ್ಳುಳ್ಳಿ ಸುಲಿದುಕೊಡುವ ಐದಾರು ಹೆಂಗಸರು ಸುತ್ತ ಕೂತಿದ್ದರು. ಅವರ ನಡುವೆ ಒಬ್ಬ ಹೆಂಗಸಿನ ಜೊತೆ ಮಾತಿಗೆ ಬಿದ್ದು, ಕಾಲು ಚಾಚಿ ಕೂತು ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಉಟ್ಟಿದ್ದು ಹಳೆಯ ಕಂದು ಬಣ್ಣದ ಮೆತ್ತನೆಯ ಸೀರೆ. ಹಸಿರು ಸೀರೆ ಜಾರುತ್ತದೆಂದು ವಸತಿಗೃಹದಲ್ಲೇ ಬಿಟ್ಟಿದ್ದಳು.

ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಫೋನು ಬಂದಾಗ ಮೊದಲು ಕೇಳಿದ್ದು ಅನುವಿನ ಅಳು, ಆಮೇಲೆ ನಗು.

“ಸಿಕ್ಕಳು ಮಮ್ಮಿ! ಮಮ್ಮಿ, ಆಯಿ ತೆಲುಗು ಮಾತಾಡಾಕತ್ತಾಳ. ಫಟಾಫಟ್ ಮಾತಾಡಾಕತ್ತಾಳ. ನಿಂಗ ಗೊತ್ತಿತ್ತೇನು?”

ನನಗೆ ಗೊತ್ತಿತ್ತು.

ಇದನ್ನು ಎಲ್ಲೂ ಹೇಳಿಕೊಂಡವಳಲ್ಲ, ಈಗ ಹೇಳುತ್ತೇನೆ. ನಾನು ಗಂಗಾವತಿಯ ಹೈಸ್ಕೂಲಿಗೆ ಸೇರಿದ ವರ್ಷ ಅವ್ವ ಒಮ್ಮೆ ನನ್ನನ್ನು ನೋಡಲು ಬಂದಳು. ಕ್ಯಾಂಪಿನ ಯಜಮಾನತಿಯ ಜೊತೆ ಟ್ರ್ಯಾಕ್ಟರಿನಲ್ಲಿ ಬಂದು, ಶಾಲೆಯ ಗೇಟಿನಲ್ಲಿ ನಿಂತು, ಆಕೆಯ ಜೊತೆ ತೆಲುಗಿನಲ್ಲಿ ಜೋರಾಗಿ ನಗುತ್ತಾ ಮಾತಾಡುತ್ತಿದ್ದಳು. ಕಾಲಿನ ಬೆರಳ ಸಂದಿಯಲ್ಲಿ ಕೆಸರು ಒಣಗಿತ್ತು. ನನ್ನ ಗೆಳತಿಯೊಬ್ಬಳು, “ನಿಮ್ಮವ್ವ ಕ್ಯಾಂಪಿನ ಕೂಲಿಯಾಕೀನಾ?” ಎಂದಳು. ಕೆಟ್ಟದಾಗಿ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ನಾನು ಅವ್ವನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ, “ಇಲ್ಲಿ ತೆಲುಗು ಮಾತಾಡಬ್ಯಾಡ. ನನ್ನ ಮುಂದ ಎಂದೂ ಮಾತಾಡಬ್ಯಾಡ” ಎಂದೆ. ಅವ್ವ ತಂದಿದ್ದ ಶೇಂಗಾದ ಗಂಟು ಕೈಗೆ ಕೊಟ್ಟು ಹೋದಳು. ಅಲ್ಲಿಯವರೆಗೆ ನಮ್ಮ ಮನೆಯ ಕೋಳಿಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದ ಅವ್ವ ಆಮೇಲೆ ನನ್ನೆದುರು ಒಂದು ತೆಲುಗು ಮಾತನ್ನೂ ಆಡಲಿಲ್ಲ. ಕೋಳಿಗಳನ್ನೂ ಕನ್ನಡದಲ್ಲೇ ಬೈದಳು.

ಇಷ್ಟೆಲ್ಲ ನೆನಪಾದದ್ದು ಬೇವಿನ ಕಟ್ಟೆಯ ಮೇಲೆ, ಆ ಫೋನು ಕಿವಿಯಲ್ಲಿರುವಾಗಲೇ. ಆದರೆ ಬಾಯಿಗೆ ಬಂದದ್ದು ಬೇರೆ. “ಆಯಿಗೆ ಕೊಡು” ಎಂದೆ. ಅವ್ವ “ಹಲೋ” ಎಂದದ್ದೇ ತಡ, ಮೂರು ತಾಸಿನ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಿತ್ತು.

“ಬುದ್ಧಿ ಐತೇನು ನಿನಗ? ಕೂಸು ಅತ್ತು ಅತ್ತು ಸಾಯಾಕತ್ತಿತ್ತು. ಕುಂದ್ರೂದಿದ್ರ ಹೇಳಿ ಕುಂದ್ರಬಾರದಾ?”

“ಹೇಳಿದ್ನೆಲ್ಲವಾ” ಎಂದಳು ಅವ್ವ ಮೆಲ್ಲಗೆ. “ಎರಡು ಸಲ ಹೇಳಿದೆ. ಒಂಚೂರು ಕುಂದರೂಣು ಅಂದೆ. ಕೂಸು, ‘ಟೈಮ್ ಇಲ್ಲ ಆಯಿ, ಮಮ್ಮಿ ಬೈತಾಳ’ ಅಂತು. ಮೂರನೇ ಸಲ ಹೇಳಾಕ ನೋಡಿದೆ, ಭಾಳ ಮುಂದ ಹೋಗಿತ್ತದು.”

‘ಲಗೂ ಲಗೂ ಹೋಗ್ರಿ’ ಎಂದು ನಾನು ಬೆಳಿಗ್ಗೆ ಹಾಕಿದ ಮೆಸೇಜು ಫೋನಿನಲ್ಲಿ ಹಾಗೇ ಇತ್ತು.

ಅನು ಆ ಸಂಜೆ ತಾರಾಲಯಕ್ಕೆ ಹೋಗಲಿಲ್ಲ. ವಸತಿಗೃಹದಿಂದ ಫೋನು ಮಾಡಿ, “ನಾಳೆ ನಿನ್ನ ಲಿಸ್ಟ್ ನೋಡಂಗಿಲ್ಲ ಮಮ್ಮಿ” ಎಂದಳು. ದನಿಯಲ್ಲಿ ಸಿಟ್ಟಿತ್ತು. ನನ್ನ ಮೇಲೋ, ಆಯಿಯ ಮೇಲೋ, ತಪ್ಪಿದ ನಕ್ಷತ್ರಗಳ ಮೇಲೋ, ಅವಳಿಗೂ ಗೊತ್ತಿದ್ದಂತಿರಲಿಲ್ಲ. “ಬ್ಯಾಡ” ಎಂದೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಅವಳಿಗೆ ಸಂಶಯ ಬಂದು, “ಆರಾಮ್ ಅದಿಯಲ್ಲ?” ಎಂದು ಕೇಳಿದಳು.

ಮರುದಿನ ಅವರು ಕೋಟೆಗೆ ಹೋಗಲಿಲ್ಲ. ನಾನು ಅವ್ವನಿಗೆಂದು ಹುಡುಕಿದ ಗುಡಿಗೂ ಹೋಗಲಿಲ್ಲ. ಮಾಡಿದ್ದು ಎರಡೇ. ಮೆಟ್ರೋ ಹತ್ತಿ ಆ ತುದಿಯಿಂದ ಈ ತುದಿಗೆ ಹೋದರು, ಮತ್ತೆ ಹತ್ತಿ ತಿರುಗಿ ಬಂದರು. ತಣ್ಣಗೆ ಕೂತು ಊರು ನೋಡಬಹುದೆಂದು ಅವ್ವನಿಗೆ ಅದು ಬಹಳ ಹಿಡಿಸಿತಂತೆ. “ಮಂದಿ ಮಾಳಿಗಿ ಮ್ಯಾಗ ಏನೇನು ಒಣಗಿಸ್ಯಾರ ಎಲ್ಲಾ ಕಾಣತೈತಿ” ಎಂದು ಅಪ್ಪ ನನಗೆ ವರದಿ ಕೊಟ್ಟ. ಒಂದು ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದನ್ನು ಕಂಡು ಅವ್ವ, ಇಷ್ಟು ದೊಡ್ಡ ಊರಲ್ಲೂ ಕಾಗೆ ಕಾಯುವವರು ಬೇಕಲ್ಲ ಎಂದಳಂತೆ. ಇಳಿಹೊತ್ತಿಗೆ ಕೆರೆಯ ದಂಡೆಯ ತೋಟದಲ್ಲಿ ಕೂತರು. ಚಾರ್ಮಿನಾರಿನ ಒಳಗೆ ಅಪ್ಪ ಕಾಲಿಡಲೇ ಇಲ್ಲ. ಹುಡುಕುವ ಗಡಿಬಿಡಿಯಲ್ಲಿ ಅದರ ಸುತ್ತ ಆರೇಳು ಸಲ ತಿರುಗಿದ್ದನಷ್ಟೆ. “ನಮ್ಮಪ್ಪ ಒಂದ ಸಲ ಹೊರಗಿಂದ ನೋಡಿದ್ದ, ನಾ ಏಳು ಸಲ ನೋಡಿದೆ” ಎಂದು ಅದನ್ನೇ ದೊಡ್ಡದಾಗಿ ಹೇಳಿಕೊಂಡ.

ಅವರು ತಿರುಗಿ ಬಂದ ಮೇಲೆ ನಾನು ಕೆಲವು ದಿನ ನವಲಿಯ ಕಡೆ ಹೋಗಲಿಲ್ಲ. ಕೆಲಸವಿತ್ತು ಎನ್ನಬಹುದು, ಇತ್ತೂ ಇತ್ತು. ಆದರೆ ಅವ್ವನ ಮುಖ ನೋಡಲು ಸಂಕೋಚವಾಗಿತ್ತು ಎಂಬುದೇ ನಿಜ. ಕಡೆಗೆ ಒಂದು ಭಾನುವಾರ ಒಬ್ಬಳೇ ಹೋದೆ. ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಒಣಗಿ ನಿಂತಿತ್ತು. ಅಪ್ಪ ದನ ನೋಡಲು ಹೋಗಿದ್ದ. ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿ ಒಂದಿಷ್ಟು ಜೋಳ ಹಾಕಿಕೊಂಡು ನಾನೂ ಎದುರಿಗೆ ಕೂತೆ. ಸ್ವಲ್ಪ ಹೊತ್ತು ಇಬ್ಬರೂ ಕಲ್ಲು ಆರಿಸಿದೆವು.

“ಯವ್ವಾ, ಅವತ್ತು ಭಾಳ ಬೈದೆ ನಿನಗ” ಎಂದೆ.

“ಯಾವತ್ತು?”

ಮರೆತಿದ್ದಳೋ, ಮರೆತವಳ ಹಾಗೆ ಮಾಡಿದಳೋ. ಅವ್ವನ ಬಳಿ ಇದು ತಿಳಿಯುವುದಿಲ್ಲ.

“ಆ ಬಳ್ಳೊಳ್ಳಿ ಹೆಣ್ಮಗಳು ಯಾರವಾ? ಆಕಿ ಜೋಡಿ ಏನು ಮಾತಾಡಿದಿ ಅಷ್ಟು ಹೊತ್ತು?”

ಅವ್ವನ ಕೈ ನಿಂತಿತು. ಮುಖ ಬೇರೆಯಾಯಿತು. ಆಕೆಯೂ ಮೊದಲು ನಾಟಿಯ ಕೆಲಸಕ್ಕೆ ಹೋಗುತ್ತಿದ್ದವಳಂತೆ, ತೆಲಂಗಾಣದ ಪಾಲಮೂರಿನ ಕಡೆಯವಳು. ಬಿಸಿಲಿಗೆ ತಲೆ ತಿರುಗಿದಂತಾಗಿ ಅವ್ವ ನಳದ ಹತ್ತಿರ ನಿಂತಿದ್ದನ್ನು ಕಂಡು ಆಕೆಯೇ “ಕೂರ್ಚೋಮ್ಮಾ” ಎಂದು ಗೋಣಿಚೀಲ ಹಾಸಿ ಕೂರಿಸಿದಳಂತೆ. ಕೂತವಳು ಸುಮ್ಮನಿರಲಾರದೆ ಬೆಳ್ಳುಳ್ಳಿಗೆ ಕೈ ಹಾಕಿದ್ದಳು.

“ಎರಡು ದಿನದಾಗ ನೀವೆಲ್ಲಾರೂ ನನ್ನ ಏನು ಕೇಳಿದ್ರಿ ಹೇಳು? ಗುಳಿಗಿ ತಗೊಂಡಿಯೇನು, ಕಾಲು ನೂಸತಾವೇನು, ಸಂಡಾಸಕ್ಕ ಹೋಗ್ತಿಯೇನು. ನೀನೂ ಫೋನ್ ಮಾಡಿ ಅದನ್ನ ಕೇಳಿದಿ.” ದೂರಿನ ದನಿ ಇರಲಿಲ್ಲ ಅದರಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. “ಆಕಿ ಕೇಳಿದ್ಲು ನೋಡು ನನ್ನ. ಒಂದು ಗುಂಪಿನಾಗ ಎಷ್ಟು ಮಂದಿ ಇರ್ತಿದ್ರಿ, ಸಾಲು ಯಾರು ಹಿಡೀತಿದ್ರು, ಮುಂದ ಯಾರು ಇರ್ತಿದ್ರು. ನಾನಽ ಮುಂದ ಇರ್ತಿದ್ದೆ ಅಂದೆ. ಹೌದ ಅಕ್ಕಾ, ನಿನ್ನ ಕೈ ನೋಡಿದ್ರ ಗೊತ್ತಾಕ್ಕೈತಿ ಅಂದ್ಲು.”

ಬುತ್ತಿ ಹೊತ್ತು ಅಷ್ಟು ವರ್ಷ ಗದ್ದೆಗೆ ಹೋದ ನನಗೆ, ಆ ಸಾಲಿನಲ್ಲಿ ಅವ್ವ ಎಲ್ಲರಿಗಿಂತ ಮುಂದೆ ಇರುತ್ತಿದ್ದಳೆಂದರೆ ಏನರ್ಥ ಎಂದು ಗೊತ್ತಿರಲಿಲ್ಲ. ಕೇಳಿದೆ. ಮುಂದಿನವಳ ಕೈ ಹೋದ ವೇಗಕ್ಕೆ ಉಳಿದ ಹತ್ತೊಂಬತ್ತು ಮಂದಿ ಹೋಗಬೇಕು, ಆಕೆ ನಿಂತರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಬಹುದು ಎಂದು ಅವ್ವ ಹೇಳಿದಳು. “ಅದಕ್ಕ ನಾ ನಡುನಡುವ ನಿಂದರ್ತಿದ್ದೆ. ಪಾಪ, ಹಿಂದ ಬಾಣಂತ್ಯಾರೂ ಇರ್ತಿದ್ರು.”

ನಾನು ತಲೆ ತಗ್ಗಿಸಿ ಜೋಳ ಆರಿಸಿದೆ. ಅವ್ವ ಎರಡು ತೆಲುಗು ಮಾತಾಡಿ ತೋರಿಸಲಿ ಎಂದು ಆಸೆಯಾಯಿತು. ಕೇಳಲು ಬಾಯಿ ಬರಲಿಲ್ಲ.

“ಮೂರು ತಾಸು ಕುಂತಿದ್ದಿ ಯವ್ವಾ” ಎಂದೆ. “ಹೆದರಿಕಿ ಆಗಲಿಲ್ಲೇನು? ನಿನ್ನ ಬಿಟ್ಟು ಹೋಗ್ಯಾರಂತ ಅನಿಸಲಿಲ್ಲ?”

ಅವ್ವ ನನ್ನನ್ನು ನೋಡಿದಳು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಿಂಗ ಸಿಟ್ಟು ಬರಬಾರದು ಮತ್ತ.”

“ಇಲ್ಲ, ಹೇಳು.”

“ನಿಮ್ಮಪ್ಪ, ಕೂಸು ದೂರದಿಂದ ಬರೂದು ಕಂಡ್ತು ನೋಡು, ಆವಾಗ ನಂಗ ಅನಿಸ್ತು...” ಎಂದು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇಷ್ಟು ಲಗೂ ಬಂದುಬಿಟ್ರಲ್ಲ ಅಂತ.”